‘ಎಲ್ಲ ಧರ್ಮಗಳೂ ಒಂದೇ’: ಈ ಸಾಲನ್ನು ನಾವು ಇನ್ನು ಬರೆಯುವುದಿಲ್ಲ

ಪ್ರತಿ ವರ್ಷ ಜೂನ್ 13 ಬಂದರೆ ನಮಗೆ ಒಂದು ಸುದ್ದಿ ಖಾಯಂ. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ. ಹೊಲ ಉಳುತ್ತಿದ್ದ ರೈತರೊಬ್ಬರಿಗೆ ಸಂತರ ಪ್ರತಿಮೆ ಸಿಕ್ಕಿತು ಎನ್ನುವುದು ಆ ಜಾಗದ ಕಥೆ. ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಕುಂಕುಮ ಇಟ್ಟ ಅಮ್ಮಂದಿರು ಮೇಣದ ಬತ್ತಿ ಹಚ್ಚುತ್ತಾರೆ. ನಾವು ನಾಲ್ಕು ಫೋಟೊ ತೆಗೆದು, ಇನ್ನೂರು ಪದ ಬರೆದು, ಕೊನೆಗೆ ಒಂದು ಸಾಲು ಸೇರಿಸಿ ಡೆಸ್ಕ್‌ಗೆ ಕಳಿಸುತ್ತೇವೆ: ‘ಎಲ್ಲ ಧರ್ಮಗಳೂ ಒಂದೇ ಎಂಬುದಕ್ಕೆ ಈ ಕ್ಷೇತ್ರ ಸಾಕ್ಷಿ.’

ಉರುಸ್ ಆದರೂ ಅದೇ ಸಾಲು. ಮಠದಲ್ಲಿ ಸರ್ವಧರ್ಮ ಸಮ್ಮೇಳನ ಆದರೂ ಅದೇ ಸಾಲು. ಹೆಸರು, ಊರು, ತಾರೀಕು ಬದಲಾಯಿಸಿದರೆ ಆಯಿತು. ಹತ್ತು ಹನ್ನೆರಡು ವರ್ಷದಿಂದ ಜಿಲ್ಲೆಯಲ್ಲಿ ಓಡಾಡಿ ಸುದ್ದಿ ಕೊಡುತ್ತಿದ್ದೇವೆ. ಈ ಸಾಲನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ನಿಜವೋ ಸುಳ್ಳೋ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಯೋಚಿಸುವ ಹಾಗೆ ಮಾಡಿದ್ದು ನಮ್ಮ ಪಕ್ಕದ ಮನೆಯ ಅಣ್ಣ. ಊರಿನ ಹೋಟೆಲ್ ಮುಂದೆ ಟೀ ಕುಡಿಯುತ್ತಾ ನಿಂತಿದ್ದಾಗ ಫೋನಿನಲ್ಲಿ ನಮ್ಮದೇ ವರದಿ ತೋರಿಸಿ ಕೇಳಿದರು: ‘ಏನಪ್ಪಾ ಪೇಪರ್‌ನೋನೆ, ಎಲ್ಲಾ ಧರ್ಮಾನೂ ಒಂದೇ ಅಂತ ಬರ್ದಿದ್ದೀಯಲ್ಲ. ಹಂಗಾದ್ರೆ ಗಣೇಶನ ಹಬ್ಬದಲ್ಲಿ ನಮ್ಮವ್ವ ತಂದ ಕಡುಬನ್ನ ನಿಮ್ಮ ಚಿಕ್ಕಮ್ಮ ಯಾಕೆ ವಾಪಸ್ ಕಳಿಸಿದ್ರು?’

ನಮಗೆ ಉತ್ತರ ಸಿಗಲಿಲ್ಲ. ಟೀ ದುಡ್ಡು ಅವರೇ ಕೊಟ್ಟರು. ಅದು ಇನ್ನೂ ಹೆಚ್ಚು ಚುಚ್ಚಿತು.

ಮನೆಯೊಳಗಿನ ವಿಷಯ

ನಮ್ಮದು ಕ್ರೈಸ್ತರ ಮನೆ. ಊರಿನಲ್ಲಿ ನಮ್ಮವು ಬೆರಳೆಣಿಕೆಯ ಮನೆಗಳು. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲೇ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ, 1.87 ಅಷ್ಟೇ. ಹಾಗಾಗಿ ನಾವು ಬೆಳೆದದ್ದೇ ಪಕ್ಕದವರ ಹಬ್ಬಗಳ ನಡುವೆ. ಗೌರಿ-ಗಣೇಶನಿಗೆ ಪಕ್ಕದ ಮನೆಯ ಅಜ್ಜಿ ಕಡುಬು, ಕಡಲೆ ಉಸ್ಲಿ ಕೊಡುತ್ತಿದ್ದರು. ಕ್ರಿಸ್‌ಮಸ್‌ಗೆ ನಮ್ಮಮ್ಮ ಅದೇ ಡಬ್ಬಿಯಲ್ಲಿ ಕಜ್ಜಾಯ, ಕಲ್‌ಕಲ್ ತುಂಬಿ ಕಳಿಸುತ್ತಿದ್ದರು. ಖಾಲಿ ಡಬ್ಬಿ ವಾಪಸ್ ಮಾಡಬಾರದು ಎನ್ನುವುದು ಎರಡೂ ಮನೆಯ ರೂಢಿ.

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಆರು ತಿಂಗಳು ಅವರಿಗೆ ರಾತ್ರಿ ನಿದ್ದೆ ಇರಲಿಲ್ಲ. ಆಮೇಲೆ ಪಟ್ಟಣದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದರು. ಅಲ್ಲಿಂದ ಅವರು ಎದ್ದು ನಿಂತರು. ಊಟ ಮಾಡಿದರು, ನಕ್ಕರು, ಹೊಲಿಗೆ ಮಿಷನ್ ಮತ್ತೆ ತುಳಿದರು. ಆದರೆ ಆ ಕೂಟದಲ್ಲಿ ಕಲಿತದ್ದರಲ್ಲಿ ಇದೂ ಒಂದು: ಬೇರೆ ದೇವರಿಗೆ ಎಡೆ ಇಟ್ಟದ್ದನ್ನು ತಿನ್ನಬಾರದು. ಮುಂದಿನ ಗಣೇಶನ ಹಬ್ಬಕ್ಕೆ ಅಜ್ಜಿ ಡಬ್ಬಿ ಹಿಡಿದು ಬಂದಾಗ ಚಿಕ್ಕಮ್ಮ ‘ಬೇಡಮ್ಮ, ನಾವು ತಿನ್ನಲ್ಲ’ ಎಂದು ಬಾಗಿಲು ಹಾಕಿಕೊಂಡರು. ನಾವು ಆ ದಿನ ಗಣಪತಿ ಮೆರವಣಿಗೆ ಸುದ್ದಿಗೆ ಹೋಗಿದ್ದೆವು.

ಈಗ ನೋಡಿ. ‘ಎಲ್ಲ ಧರ್ಮಗಳೂ ಒಂದೇ’ ಎನ್ನುವುದು ನಿಜವಾದರೆ ಚಿಕ್ಕಮ್ಮ ಮಾಡಿದ್ದು ಬರೀ ಮೂರ್ಖತನ. ಅದು ನಿಜವಲ್ಲದಿದ್ದರೆ ನಾವು ಇಷ್ಟು ವರ್ಷ ಬರೆದದ್ದು ಸುಳ್ಳು. ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳುವುದೂ ಸುಲಭವಲ್ಲ.

ಆ ಸಾಲಿನ ಹಿಂದೆ ಒಳ್ಳೆಯ ಮನಸ್ಸಿದೆ

ಮೊದಲು ಇದನ್ನು ಹೇಳಿಬಿಡಬೇಕು. ಎಲ್ಲ ಧರ್ಮವೂ ಒಂದೇ ಎನ್ನುವವರು ಕೆಟ್ಟವರಲ್ಲ. ಹೆಚ್ಚಿನವರು ಜಗಳ ಬೇಡ ಎಂದು ಹಾಗೆ ಹೇಳುತ್ತಾರೆ. ಈ ದೇಶದಲ್ಲಿ ಧರ್ಮದ ಹೆಸರಲ್ಲಿ ಬಿದ್ದ ಹೆಣಗಳನ್ನು ಕಂಡವರಿಗೆ ಆ ಮಾತು ಒಂದು ಔಷಧಿಯ ಹಾಗೆ ಕಾಣುತ್ತದೆ.

ಅದಕ್ಕೆ ದೊಡ್ಡವರ ಬೆಂಬಲವೂ ಇದೆ. ರಾಮಕೃಷ್ಣ ಪರಮಹಂಸರು ಬೇರೆ ಬೇರೆ ಸಾಧನೆಗಳ ಜೊತೆ ಇಸ್ಲಾಂ ಮತ್ತು ಕ್ರೈಸ್ತ ದಾರಿಗಳನ್ನೂ ಸ್ವಲ್ಪ ಕಾಲ ನಡೆದು ನೋಡಿ, ಎಲ್ಲ ದಾರಿಯೂ ಒಂದೇ ಕಡೆಗೆ ಹೋಗುತ್ತದೆ ಎಂದರು. ಗಾಂಧೀಜಿ ಎಲ್ಲ ಧರ್ಮಗಳಲ್ಲೂ ಸತ್ಯವಿದೆ ಎಂದರು. ಆದರೆ ಎಲ್ಲದರಲ್ಲೂ ತಪ್ಪುಗಳೂ ಇವೆ ಎಂದೂ ಸೇರಿಸಿದರು. ವೇದಿಕೆಯ ಮೇಲೆ ಗಾಂಧೀಜಿಯ ಹೆಸರು ಹೇಳುವವರು ಆ ಎರಡನೇ ಭಾಗವನ್ನು ಬಿಟ್ಟುಬಿಡುತ್ತಾರೆ.

ನಮ್ಮ ಹಳ್ಳಿಗಳ ಬದುಕೂ ಆ ಸಾಲಿಗೆ ಒತ್ತು ಕೊಡುತ್ತದೆ. ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲ, ಆದರೂ ಮೊಹರಂ ಬಂದರೆ ಅಲೈ ದೇವರನ್ನು ಕೂರಿಸುತ್ತಾರೆ. ಡೋರನಹಳ್ಳಿಗೆ ಮಗುವಿಗಾಗಿ ಹರಕೆ ಹೊರುವ ತಾಯಿ ಬೈಬಲ್ ಓದಿ ಬಂದವಳಲ್ಲ. ಕಷ್ಟ ಬಂದಾಗ ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗಿ ಕೈ ಮುಗಿಯುತ್ತಾಳೆ. ಅವಳನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ.

ಹೋಲಿಕೆಗಳೂ ನಿಜವಾಗಿ ಇವೆ. ಕದಿಯಬೇಡ, ಕೊಲ್ಲಬೇಡ, ಸುಳ್ಳು ಹೇಳಬೇಡ ಎನ್ನುವುದು ಹೆಚ್ಚು ಕಡಿಮೆ ಎಲ್ಲ ಕಡೆ ಇದೆ. ಶರಣರ ದಾಸೋಹ, ಮುಸ್ಲಿಮರ ಜಕಾತ್, ಸಿಖ್ಖರ ಲಂಗರ್, ನಮ್ಮವರ ದಶಮಾಂಶ: ಹಸಿದವರಿಗೆ ಕೊಡು ಎನ್ನುವುದರಲ್ಲಿ ಜಗಳವಿಲ್ಲ. ಕ್ರೈಸ್ತರಾದ ನಮಗೆ ಇದರಿಂದ ಆಶ್ಚರ್ಯವೂ ಆಗಬೇಕಿಲ್ಲ. ದೇವರು ಯಾವ ಜನಾಂಗದಲ್ಲೂ ತನಗೆ ಸಾಕ್ಷಿ ಇಲ್ಲದ ಹಾಗೆ ಬಿಟ್ಟಿಲ್ಲ ಎಂದು ಅಪೊಸ್ತಲ ಪೌಲನೇ ಹೇಳಿದ್ದು ಬೈಬಲಿನಲ್ಲಿದೆ. ಕಥೋಲಿಕ ಸಭೆಯೂ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರ ಅಕ್ಟೋಬರ್ 28ರಂದು, ಬೇರೆ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ತಾನು ತಳ್ಳಿಹಾಕುವುದಿಲ್ಲ ಎಂದು ಬರೆದು ಪ್ರಕಟಿಸಿತು. ಹಾಗೆಂದು ಎಲ್ಲವೂ ಒಂದೇ ಎಂದು ಅದು ಹೇಳಲಿಲ್ಲ. ಕ್ರಿಸ್ತನನ್ನು ಸಾರುವ ಕೆಲಸ ತನಗಿದೆ ಎಂದು ಅದೇ ಕಾಗದದಲ್ಲಿ ಸೇರಿಸಿತು.

ಆದರೆ ಒಂದೇ ಅಲ್ಲ

ನಮ್ಮ ಕಸುಬಿನ ಲೆಕ್ಕದಲ್ಲೇ ನೋಡೋಣ. ಹೆದ್ದಾರಿಯಲ್ಲಿ ಅಪಘಾತ ಆಯಿತು ಎಂದು ಫೋನ್ ಬರುತ್ತದೆ. ಒಬ್ಬರು ‘ಬೈಕ್ ಸವಾರ ಸ್ಥಳದಲ್ಲೇ ಸತ್ತ’ ಎನ್ನುತ್ತಾರೆ. ಇನ್ನೊಬ್ಬರು ‘ಇಲ್ಲ, ಬದುಕಿದ್ದಾನೆ’ ಎನ್ನುತ್ತಾರೆ. ನಾವು ಡೆಸ್ಕ್‌ಗೆ ‘ಇಬ್ಬರು ಹೇಳಿದ್ದೂ ಒಂದೇ’ ಎಂದು ಕಳಿಸಿದರೆ ಮಾರನೇ ದಿನ ನಮಗೆ ಕೆಲಸ ಇರುವುದಿಲ್ಲ. ಇಬ್ಬರೂ ಒಳ್ಳೆಯವರಿರಬಹುದು, ಇಬ್ಬರ ಮೇಲೂ ನಮಗೆ ಗೌರವ ಇರಬಹುದು. ಆದರೂ ಆ ಸವಾರ ಒಂದೋ ಸತ್ತಿದ್ದಾನೆ, ಇಲ್ಲವೋ ಬದುಕಿದ್ದಾನೆ.

ಯೇಸುವಿನ ವಿಷಯವೂ ಹೀಗೇ. ಮುಸ್ಲಿಮರು ಅವರನ್ನು ಈಸಾ ಎಂದು ಕರೆಯುತ್ತಾರೆ, ಪ್ರವಾದಿ ಎಂದು ಗೌರವಿಸುತ್ತಾರೆ. ಕನ್ಯೆ ಮರಿಯಮ್ಮನ ಮಗ ಎಂದು ಕುರಾನ್ ಕೂಡ ಹೇಳುತ್ತದೆ. ಆದರೆ ಅವರನ್ನು ಶಿಲುಬೆಗೆ ಏರಿಸಿ ಕೊಲ್ಲಲಿಲ್ಲ ಎಂದೂ ಹೇಳುತ್ತದೆ. ನಮ್ಮ ನಂಬಿಕೆಯ ನಡುಗಂಬವೇ ಅದು: ಅವರು ಶಿಲುಬೆಯ ಮೇಲೆ ಸತ್ತರು, ಮೂರನೇ ದಿನ ಎದ್ದರು. ಎದ್ದಿಲ್ಲ ಎಂದಾದರೆ ನಮ್ಮ ನಂಬಿಕೆ ಹೊಟ್ಟು ಎಂದು ಪೌಲನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಇದು ರುಚಿಯ ಪ್ರಶ್ನೆಯಲ್ಲ, ನಡೆಯಿತೇ ಇಲ್ಲವೇ ಎನ್ನುವ ಪ್ರಶ್ನೆ. ನಮ್ಮ ಮುಸ್ಲಿಂ ಗೆಳೆಯರು ಸರಿ ಇದ್ದರೆ ನಾವು ತಪ್ಪು. ನಾವು ಸರಿ ಇದ್ದರೆ ಅವರು ತಪ್ಪು. ಈ ಮಾತನ್ನು ನಾವು ಒಬ್ಬ ಮುಸ್ಲಿಂ ಸಹೋದ್ಯೋಗಿಯ ಜೊತೆ ಒಂದೇ ಬೈಕಿನಲ್ಲಿ ಕೂತು ಎಷ್ಟೋ ಸಲ ಆಡಿದ್ದೇವೆ. ಬೈಕ್ ನಿಲ್ಲಲಿಲ್ಲ.

ಮುಂದಕ್ಕೆ ಹೋಗಿ. ಸೃಷ್ಟಿಕರ್ತ ದೇವರು ಇದ್ದಾನೆ ಎಂದು ನಾವು, ಯಹೂದಿಗಳು, ಮುಸ್ಲಿಮರು ಹೇಳುತ್ತೇವೆ. ಜೈನರು ಜಗತ್ತನ್ನು ಯಾರೂ ಸೃಷ್ಟಿಸಿಲ್ಲ, ಅದು ಅನಾದಿ ಎನ್ನುತ್ತಾರೆ. ಬುದ್ಧ ನಿತ್ಯವಾದ ಆತ್ಮವನ್ನೇ ಒಪ್ಪಲಿಲ್ಲ. ವೇದಾಂತಕ್ಕೆ ಆತ್ಮವೇ ಮೂಲ. ಶರಣರು ದೇಹವನ್ನೇ ದೇಗುಲ ಮಾಡಿಕೊಂಡು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದರು, ಸ್ಥಾವರದ ಗುಡಿಯನ್ನು ಪ್ರಶ್ನಿಸಿದರು. ಎಲ್ಲವೂ ಒಂದೇ ಆಗಿದ್ದರೆ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಷ್ಟೊಂದು ಗದ್ದಲ ಯಾಕಾಗಬೇಕಿತ್ತು?

ಕಾಯಿಲೆ ಏನು ಎನ್ನುವುದರಲ್ಲೇ ಧರ್ಮಗಳು ಬೇರೆಯಾಗುತ್ತವೆ. ಮೆಣಸಿನ ಗಿಡದ ಎಲೆ ಮುದುರಿಕೊಂಡಿದೆ ಎಂದುಕೊಳ್ಳಿ. ಎಲೆ ಮೇಲ್ಮುಖವಾಗಿ ಮುದುರಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುರಿದರೆ ಮೈಟ್ ನುಸಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಒಂದಕ್ಕೆ ಹೊಡೆಯುವ ಔಷಧಿ ಇನ್ನೊಂದಕ್ಕೆ ಕೆಲಸ ಮಾಡದೆ ಹೋಗಬಹುದು. ಎಲ್ಲ ರೈತರಿಗೂ ಗಿಡ ಉಳಿಯಬೇಕು ಎನ್ನುವ ಆಸೆ ಒಂದೇ. ಆದರೆ ಔಷಧಿ ಒಂದೇ ಅಲ್ಲ.

ಮನುಷ್ಯನ ಕಷ್ಟಕ್ಕೆ ಮೂಲ ಅಜ್ಞಾನ ಎಂದರೆ ಅರಿವು ಔಷಧಿ. ಆಸೆ ಎಂದರೆ ಆಸೆ ಬಿಡುವುದು ಔಷಧಿ. ಕರ್ಮ ಎಂದರೆ ಅದನ್ನು ಕಳೆದುಕೊಳ್ಳುವುದು ಔಷಧಿ. ಕ್ರೈಸ್ತರು ಹೇಳುವುದು ಬೇರೆ: ಮೂಲ ಪಾಪ, ಅಂದರೆ ದೇವರಿಗೂ ನಮಗೂ ಮುರಿದುಬಿದ್ದ ಸಂಬಂಧ. ಅದನ್ನು ಮುರಿದವರು ಕೂಡಿಸಲಾರರು. ಎದುರುಗಡೆಯಿಂದ ದೇವರೇ ಇಳಿದು ಬಂದು ಕೂಡಿಸಬೇಕು. ಹಾಗೆ ಬಂದವನು ಯೇಸು. ಮನುಷ್ಯ ಬೆಟ್ಟ ಹತ್ತುವ ದಾರಿಗಳು ನೂರು ಇರಬಹುದು. ಕ್ರೈಸ್ತ ಧರ್ಮ ಹೇಳುವುದು ಹತ್ತುವ ಕಥೆಯನ್ನಲ್ಲ, ಇಳಿದು ಬಂದ ಕಥೆಯನ್ನು. ನೀವು ಇದನ್ನು ನಂಬಬೇಕಿಲ್ಲ. ಆದರೆ ಇದು ಬೇರೆ ಮಾತು ಎಂದು ಒಪ್ಪಬಹುದಲ್ಲ.

ಆನೆ ಕಂಡ ರಾಜ

ಇಷ್ಟು ಹೇಳಿದರೆ ಯಾರಾದರೊಬ್ಬರು ಕುರುಡರು ಆನೆ ಮುಟ್ಟಿದ ಕಥೆ ತೆಗೆಯುತ್ತಾರೆ. ಶಾಲೆಯಲ್ಲಿ ಓದಿದ ಕಥೆ. ಒಬ್ಬ ಕಾಲು ಮುಟ್ಟಿ ಕಂಬ ಎಂದ, ಒಬ್ಬ ಕಿವಿ ಮುಟ್ಟಿ ಮೊರ ಎಂದ, ಒಬ್ಬ ಬಾಲ ಮುಟ್ಟಿ ಹಗ್ಗ ಎಂದ. ಧರ್ಮಗಳೂ ಹಾಗೆಯೇ, ಎಲ್ಲರಿಗೂ ಸಿಕ್ಕಿದ್ದು ಒಂದೊಂದು ತುಂಡು ಸತ್ಯ ಎನ್ನುತ್ತಾರೆ.

ಈ ಕಥೆಗೆ ಒಂದು ಒಳ್ಳೆಯ ಉತ್ತರ ಕೊಟ್ಟವರು ಲೆಸ್ಲಿ ನ್ಯೂಬಿಗಿನ್. ಇಂಗ್ಲೆಂಡಿನಿಂದ 1936ರಲ್ಲಿ ಬಂದವರು. ಕಾಂಚೀಪುರದಲ್ಲಿ ಕೆಲಸ ಮಾಡಿ, 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಈಗಿನ ಸಿಎಸ್‌ಐ, ಹುಟ್ಟಿದಾಗ ಮದುರೈಗೆ ಬಿಷಪ್ ಆದವರು. ಅವರು ಕೇಳಿದ್ದು ಇಷ್ಟೇ: ಆ ಕಥೆಯಲ್ಲಿ ಕುರುಡರು ಮುಟ್ಟಿದ್ದು ಆನೆ ಎಂದು ಗೊತ್ತಿದ್ದದ್ದು ಯಾರಿಗೆ? ರಾಜನಿಗೆ. ಅವನಿಗೆ ಕಣ್ಣಿತ್ತು. ಹಾಗಾದರೆ ‘ಎಲ್ಲ ಧರ್ಮಗಳಿಗೂ ಸಿಕ್ಕಿರುವುದು ತುಂಡು ಸತ್ಯ’ ಎಂದು ಹೇಳುವವರು ತಾವು ಆ ರಾಜನ ಕುರ್ಚಿಯಲ್ಲಿ ಕೂತು ಮಾತನಾಡುತ್ತಿದ್ದಾರೆ. ವಿನಯದ ಹಾಗೆ ಕೇಳಿಸುವ ಆ ಮಾತಿನೊಳಗೆ ಎಲ್ಲರಿಗಿಂತ ದೊಡ್ಡ ಹಕ್ಕುಸಾಧನೆ ಇದೆ: ನಿಮಗೆಲ್ಲ ಕಾಣದ ಪೂರ್ತಿ ಆನೆ ನನಗೆ ಕಂಡಿದೆ.

ಅವರದೇ ಇನ್ನೊಂದು ಅನುಭವ. ಕಾಂಚೀಪುರದಲ್ಲಿ ರಾಮಕೃಷ್ಣ ಮಠದ ಸಂನ್ಯಾಸಿಗಳ ಜೊತೆ ಕೂತು ಅವರು ಉಪನಿಷತ್ತನ್ನೂ ಯೋಹಾನನ ಸುವಾರ್ತೆಯನ್ನೂ ಓದುತ್ತಿದ್ದರು. ಆ ಮಠದ ಹಾಲ್‌ನಲ್ಲಿ ಜಗತ್ತಿನ ದೊಡ್ಡ ಧರ್ಮಗುರುಗಳ ಚಿತ್ರಗಳಿದ್ದವು, ಯೇಸುವಿನದೂ ಇತ್ತು. ಕ್ರಿಸ್‌ಮಸ್ ದಿನ ಅದಕ್ಕೆ ಪೂಜೆಯೂ ಆಗುತ್ತಿತ್ತು. ನ್ಯೂಬಿಗಿನ್ ಅವರಿಗೆ ಆ ಗೌರವ ಅರ್ಥವಾಯಿತು. ಆದರೆ ಒಂದು ಮಾತೂ ಹೊಳೆಯಿತು: ಇಲ್ಲಿ ಯೇಸುವಿಗೆ ಜಾಗ ಸಿಕ್ಕಿದೆ, ಆದರೆ ಮೊದಲೇ ಕಟ್ಟಿದ ಮನೆಯೊಳಗೆ ಒಂದು ಮೊಳೆಗೆ ನೇತುಹಾಕಿ. ಆ ಮನೆಯನ್ನೇ ಪ್ರಶ್ನಿಸಲು ಯೇಸುವಿಗೆ ಅವಕಾಶವಿಲ್ಲ.

‘ಎಲ್ಲ ಒಂದೇ’ ಎನ್ನುವುದರ ತೊಡಕು ಇದೇ. ಅದು ಎಲ್ಲ ಧರ್ಮಗಳ ಮೇಲೆ ನಿಂತ ನ್ಯಾಯಾಧೀಶನ ಮಾತಲ್ಲ, ತಾನೇ ಒಂದು ಮತ. ಇರಲಿ, ಆ ಮತವನ್ನು ನಂಬುವ ಹಕ್ಕು ಎಲ್ಲರಿಗೂ ಇದೆ. ನಮ್ಮ ಮೇಲೆ ಅದನ್ನು ಹೊರಿಸುವಾಗ ಮಾತ್ರ ಅದೂ ಒಂದು ರೀತಿಯ ಮತಾಂತರವೇ.

ಬಾಬಾಸಾಹೇಬರು ಹುಡುಕಿದ್ದು ಏನು?

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಕ್ರೈಸ್ತರಲ್ಲ, ಅಂಬೇಡ್ಕರ್. 1935ರಲ್ಲಿ ಯೇವಲಾದಲ್ಲಿ ‘ಹಿಂದೂ ಆಗಿ ಹುಟ್ಟಿದ್ದೇನೆ, ಹಿಂದೂ ಆಗಿ ಸಾಯುವುದಿಲ್ಲ’ ಎನ್ನುವ ಅರ್ಥದ ಘೋಷಣೆ ಮಾಡಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ನಡುವೆ 21 ವರ್ಷ. ಅಷ್ಟು ವರ್ಷ ಅವರು ಓದಿದರು, ತೂಗಿದರು, ಅಳೆದರು. ಎಲ್ಲ ಧರ್ಮಗಳೂ ಒಳ್ಳೆಯವೇ, ಅವುಗಳ ನಡುವೆ ಆರಿಸಿಕೊಳ್ಳುವ ಅಗತ್ಯವಿಲ್ಲ ಎನ್ನುವ ಅಭಿಪ್ರಾಯವನ್ನು ಅವರು ನೇರವಾಗಿ ಟೀಕಿಸಿ ಬರೆದಿದ್ದಾರೆ.

ಅವರು ನಮ್ಮ ಧರ್ಮವನ್ನು ಆರಿಸಿಕೊಳ್ಳಲಿಲ್ಲ. ಅದು ನಮಗೆ ಗೊತ್ತು. ಭಾರತದ ಕ್ರೈಸ್ತರಲ್ಲೂ ಜಾತಿ ಉಳಿದಿದೆ ಎಂದು ಅವರು ಕಂಡರು, ಬರೆದರು. ಅದು ಸುಳ್ಳಲ್ಲ. ಪಕ್ಕದ ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರ ಹೆಣಕ್ಕೆ ಬೇರೆ ಸ್ಮಶಾನ ಎನ್ನುವುದು ಸುದ್ದಿಯಾಗಿ ಬಂದಿದೆ. ಯೇಸು ಎಲ್ಲರಿಗಾಗಿ ಸತ್ತರು ಎಂದು ಒಳಗೆ ಹಾಡಿ, ಹೊರಗೆ ಮಣ್ಣನ್ನು ಪಾಲು ಮಾಡಿದರೆ ನಮ್ಮ ಮಾತು ಯಾರು ಕೇಳಬೇಕು? ನಮ್ಮ ಧರ್ಮ ಬೇರೆ ಎಂದು ಹೇಳುವ ಮೊದಲು ನಾವು ಬೇರೆಯಾಗಿ ಬದುಕಿದ್ದೇವಾ ಎಂದು ಕೇಳಿಕೊಳ್ಳಬೇಕು.

ಆದರೂ ಅಂಬೇಡ್ಕರ್ ನಮಗೆ ಕಲಿಸುವ ಪಾಠ ಉಳಿಯುತ್ತದೆ. ಎಲ್ಲ ಧರ್ಮಗಳೂ ಒಂದೇ ಆಗಿದ್ದರೆ ಅವರ 21 ವರ್ಷದ ಹುಡುಕಾಟ ವ್ಯರ್ಥ. ನಾಗಪುರಕ್ಕೆ ಬಂದ ಅಷ್ಟು ಜನ ಸುಮ್ಮನೆ ಬಂದರು ಎಂದಾಗುತ್ತದೆ. ಆ ಮಾತನ್ನು ನಮ್ಮ ಊರಿನ ಯಾವ ದಲಿತ ಕೇರಿಯಲ್ಲಿ ನಿಂತು ಹೇಳಲು ಧೈರ್ಯವಿದೆ?

ಸರ್ಕಾರದ ಕಾಗದಕ್ಕೂ ಎಲ್ಲ ಧರ್ಮ ಒಂದೇ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ವಿಸ್ತರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಗದ್ದಲದ ದಿನಗಳಲ್ಲಿ ನಾವು ಒಂದು ತಮಾಷೆ ಕಂಡೆವು. ಬೆಳಿಗ್ಗೆ ವೇದಿಕೆಯಲ್ಲಿ ‘ಎಲ್ಲ ಧರ್ಮವೂ ಒಂದೇ’ ಎಂದವರೇ ಸಂಜೆ ‘ಒಬ್ಬನೂ ಆ ಧರ್ಮಕ್ಕೆ ಹೋಗಬಾರದು’ ಎಂದರು. ಒಂದೇ ಆಗಿದ್ದರೆ ಹೋದರೆ ಏನು ನಷ್ಟ?

ಬೇರೆ ಎಂದರೆ ಶತ್ರು ಅಲ್ಲ

ಈಗ ಕಷ್ಟದ ಪ್ರಶ್ನೆ. ಯೇಸುವೇ ದಾರಿ ಎಂದು ನಾವು ನಂಬುತ್ತೇವೆ. ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ತಮ್ಮ ಬಗ್ಗೆ ಹಾಗೆಯೇ ಹೇಳಿಕೊಳ್ಳುತ್ತಾರೆ. ಇದು ಅಹಂಕಾರ ಅಲ್ಲವಾ?

ಆ ನಂಬಿಕೆಯನ್ನು ಹಿಡಿದು ಅಹಂಕಾರಿಗಳಾದ ಕ್ರೈಸ್ತರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಬೇರೆಯವರ ದೇವರನ್ನು ಹಳಿಯುವ ಬೋಧಕರ ವಿಡಿಯೊಗಳು ನಮ್ಮ ಫೋನಿಗೂ ಬರುತ್ತವೆ, ನಾಚಿಕೆಯಾಗುತ್ತದೆ. ಆದರೆ ನಂಬಿಕೆಯ ಒಳಗೇ ಅಹಂಕಾರಕ್ಕೆ ಕೊಡಲಿ ಇದೆ. ರಕ್ಷಣೆ ನಾವು ಗಳಿಸಿದ್ದಲ್ಲ, ದಾನವಾಗಿ ಸಿಕ್ಕಿದ್ದು ಎನ್ನುವುದು ನಮ್ಮ ಬೋಧನೆ. ದಾನ ಪಡೆದವರು ಮೀಸೆ ತಿರುವುವ ಹಾಗಿಲ್ಲ.

ಯೇಸು ಹೇಳಿದ ಕಥೆ ನೋಡಿ. ದಾರಿಯಲ್ಲಿ ಕಳ್ಳರ ಏಟು ತಿಂದು ಬಿದ್ದವನನ್ನು ಅವನ ಧರ್ಮದ ಯಾಜಕ ನೋಡಿಯೂ ದಾಟಿ ಹೋದ. ಎತ್ತಿ ಆರೈಕೆ ಮಾಡಿದ್ದು ಸಮಾರ್ಯದವನು, ಆ ಜನ ಮುಟ್ಟಲೂ ಹೇಸುತ್ತಿದ್ದ ಬೇರೆ ಪಂಗಡದವನು. ಇನ್ನೊಂದು ಕಡೆ ರೋಮ್‌ನ ಸೈನ್ಯದ ಅಧಿಕಾರಿಯ ನಂಬಿಕೆ ಕಂಡು, ಇಂಥದ್ದನ್ನು ನಮ್ಮವರಲ್ಲೇ ಕಂಡಿಲ್ಲ ಎಂದರು. ಸಮಾರ್ಯದವರ ಧರ್ಮವೂ ತಮ್ಮದೂ ಒಂದೇ ಎಂದು ಯೇಸು ಹೇಳಲಿಲ್ಲ. ಆದರೆ ನೆರೆಯವನು ಯಾರು ಎನ್ನುವ ಪಾಠಕ್ಕೆ ಅವನನ್ನೇ ಮೇಷ್ಟ್ರು ಮಾಡಿದರು.

ಪೌಲ ಅಥೆನ್ಸ್ ಪಟ್ಟಣಕ್ಕೆ ಹೋದಾಗ ಬೀದಿ ತುಂಬ ಗುಡಿಗಳು. ಅವನ ಮನಸ್ಸು ಕುದಿಯಿತು ಎಂದು ಬರೆದಿದೆ. ಆದರೂ ಅವನು ಒಂದನ್ನೂ ಒಡೆಯಲಿಲ್ಲ. ನಡೆದು ನೋಡಿದ. ಗೊತ್ತಿಲ್ಲದ ದೇವರಿಗೆಂದು ಕಟ್ಟಿದ ಒಂದು ಬಲಿಪೀಠ ಕಂಡ. ಅಲ್ಲಿಂದಲೇ ಮಾತು ಶುರು ಮಾಡಿದ. ಭಿನ್ನಾಭಿಪ್ರಾಯ ಮುಚ್ಚಿಡಲಿಲ್ಲ, ಮರ್ಯಾದೆಯನ್ನೂ ಬಿಡಲಿಲ್ಲ.

ಕನ್ನಡ ಪತ್ರಕರ್ತರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆ ತಂದವರು ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್. ಅದೇ ಮಿಷನ್‌ನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಇವರು ಬಂದದ್ದು ಕ್ರಿಸ್ತನನ್ನು ಸಾರಲು, ಅದನ್ನು ಮುಚ್ಚಿಡಬೇಕಿಲ್ಲ. ಎಲ್ಲ ಧರ್ಮ ಒಂದೇ ಎಂದು ಇವರು ನಂಬಿರಲಿಲ್ಲ. ಆದರೂ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ ಜೈನ ಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದರು. ತನ್ನದಲ್ಲದ ಧರ್ಮದವನ ಪುಸ್ತಕವನ್ನು ಅಕ್ಷರ ಅಕ್ಷರ ಓದಿ ಉಳಿಸುವುದಕ್ಕೆ ‘ನೀನೂ ನಾನೂ ಒಂದೇ’ ಎನ್ನಬೇಕಾಗಿರಲಿಲ್ಲ. ‘ನೀನು ಬೇರೆ, ಅದಕ್ಕೇ ನೀನು ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕಾಗಿತ್ತು.

ನಮ್ಮ ಸಂವಿಧಾನದ 25ನೇ ವಿಧಿಯೂ ಇದನ್ನೇ ಹೇಳುತ್ತದೆ ಎಂದು ನಮಗನಿಸುತ್ತದೆ. ತನಗೆ ಸರಿ ಎನಿಸಿದ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಎಲ್ಲರಿಗೂ ಇದೆ ಎಂದು ಅದು ಹೇಳುತ್ತದೆ. ಎಲ್ಲ ಧರ್ಮವೂ ಒಂದೇ ಎಂದು ಎಲ್ಲೂ ಬರೆದಿಲ್ಲ. ಧರ್ಮಗಳು ಬೇರೆ ಬೇರೆ ಎಂದು ಗೊತ್ತಿದ್ದದ್ದಕ್ಕೇ ಆ ವಿಧಿ ಬೇಕಾಯಿತು.

ನಮ್ಮವರಲ್ಲಿ ಕೇಳುವ ಇನ್ನೊಂದು ಪ್ರಶ್ನೆ: ಹಾಗಾದರೆ ಯೇಸುವಿನ ಹೆಸರೇ ಕೇಳದೆ ಸತ್ತವರ ಗತಿ ಏನು? ಕ್ರೈಸ್ತರಲ್ಲೇ ಇದಕ್ಕೆ ಬೇರೆ ಬೇರೆ ಉತ್ತರಗಳಿವೆ. ತಪ್ಪಿಲ್ಲದೆ ಅವರನ್ನು ಅರಿಯದೆ ಹೋದವರು ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿದರೆ ಅವರಿಗೂ ರಕ್ಷಣೆ ಸಿಗಬಹುದು ಎಂದು ವ್ಯಾಟಿಕನ್ ಮಹಾಸಭೆ ಹೇಳಿತು. ಕೆಲವು ಸಭೆಗಳು ಅಷ್ಟು ದೂರ ಹೋಗುವುದಿಲ್ಲ. ನಾವು ಹಿಡಿದುಕೊಂಡಿರುವುದು ಇಷ್ಟು: ಬಾಗಿಲು ಯೇಸುವೇ. ಆ ಬಾಗಿಲಿನಿಂದ ಯಾರನ್ನು ಹೇಗೆ ಒಳಗೆ ಕರೆಯಬೇಕು ಎನ್ನುವುದು ಅವರ ಕೆಲಸ. ಹೊರಗೆ ಚೌಕಿದಾರನ ಹಾಗೆ ಕೋಲು ಹಿಡಿದು ನಿಲ್ಲುವ ಕೆಲಸವನ್ನು ನಮಗೆ ಯಾರೂ ಕೊಟ್ಟಿಲ್ಲ.

ಕಡುಬಿನ ಡಬ್ಬಿ

ಮತ್ತೆ ಮನೆಗೆ ಬರೋಣ. ನಾವು ಚಿಕ್ಕಮ್ಮನ ಹತ್ತಿರ ಕೂತು ಕೇಳಿದೆವು. ಅವರು ಸಿಟ್ಟಾಗಲಿಲ್ಲ. ‘ನಿಮ್ಮ ಚಿಕ್ಕಪ್ಪ ಹೋದಾಗ ನಾನು ಸತ್ತೇ ಹೋಗಿದ್ದೆ ಕಣೋ. ನನ್ನನ್ನ ಎತ್ತಿ ಕೂರಿಸಿದ್ದು ಯೇಸು. ಅವನೂ ಒಂದೇ, ಇವನೂ ಒಂದೇ ಅಂತ ನೀನು ಪೇಪರ್‌ನಲ್ಲಿ ಬರೆದರೆ ನನಗೆ ಆದದ್ದು ಏನು, ಸುಳ್ಳಾ?’ ಎಂದರು. ಅವರ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಅಷ್ಟು ವರ್ಷ ಬರೆದ ಆ ಒಳ್ಳೆಯ ಸಾಲು ನಮ್ಮ ಮನೆಯವರನ್ನೇ ಸುಳ್ಳುಗಾರ್ತಿ ಮಾಡಿತ್ತು.

ಆಮೇಲೆ ಬೈಬಲ್ ತೆಗೆದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಇಬ್ಬರೂ ಓದಿದೆವು. ವಿಗ್ರಹಕ್ಕೆ ಅರ್ಪಿಸಿದ ಊಟದ ವಿಷಯವೇ ಅಲ್ಲಿದೆ. ಎರಡು ಸಾವಿರ ವರ್ಷದ ಹಿಂದೆ ಗ್ರೀಸ್ ದೇಶದ ಒಂದು ಪಟ್ಟಣದಲ್ಲೂ ನಮ್ಮ ಮನೆಯ ಜಗಳವೇ ನಡೆದಿತ್ತು. ಪೌಲ ಎರಡು ಕಡೆಯವರಿಗೂ ಸುಲಭ ಮಾಡಿಕೊಡುವುದಿಲ್ಲ. ಬೇರೆಯವರ ಪೂಜೆಯಲ್ಲಿ ಪಾಲುಗೊಳ್ಳಬೇಡಿ ಎನ್ನುತ್ತಾನೆ. ಯಾರಾದರೂ ಊಟಕ್ಕೆ ಕರೆದರೆ ಕೆದಕಿ ಕೇಳದೆ ಉಣ್ಣಿ ಎಂದೂ ಹೇಳುತ್ತಾನೆ. ಇದು ನೈವೇದ್ಯ ಎಂದು ಹೇಳಿದರೆ ಬಿಡಿ, ಅದೂ ಎದುರಿನವರ ಮನಸ್ಸಾಕ್ಷಿಗಾಗಿ ಎನ್ನುತ್ತಾನೆ. ಏನು ಮಾಡಿದರೂ ಪ್ರೀತಿ ತಪ್ಪಬಾರದು ಎನ್ನುವುದು ಅವನ ಒಟ್ಟು ಮಾತು. ಚಿಕ್ಕಮ್ಮ ಸುಮಾರು ಹೊತ್ತು ಸುಮ್ಮನಿದ್ದು, ‘ತಿನ್ನೋದು ನನಗೆ ಆಗಲ್ಲ. ಆದ್ರೆ ಬಾಗಿಲು ಹಾಕಬಾರದಿತ್ತು’ ಎಂದರು.

ಮರುದಿನ ಇಬ್ಬರೂ ಪಕ್ಕದ ಮನೆಗೆ ಹೋದೆವು. ಚಿಕ್ಕಮ್ಮ ತಮ್ಮ ಮಾತಿನಲ್ಲೇ ಹೇಳಿದರು. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡು ಅಂದರು: ‘ಒಂದೇ ಅಲ್ಲ ಅಂತ ನಂಗೂ ಗೊತ್ತು ಕಣವ್ವ. ಒಂದೇ ಆಗಿದ್ರೆ ನೀವ್ಯಾಕೆ ಭಾನುವಾರ ಅಷ್ಟು ದೂರ ಚರ್ಚಿಗೆ ಹೋಗ್ತಿದ್ರಿ? ತಿನ್ನಲ್ಲ ಅಂದ್ರೆ ಬ್ಯಾಡ ಬಿಡು. ಹಬ್ಬದ ದಿನ ಮುಖದ ಮೇಲೆ ಬಾಗಿಲು ಹಾಕಿದ್ಯಲ್ಲ, ಅದಕ್ಕೆ ಬೇಜಾರಾಯ್ತು.’

ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ತಿಳಿದದ್ದು ಡಿಪ್ಲೊಮಾ ಮಾಡಿದ ನಮಗೆ ತಿಳಿದಿರಲಿಲ್ಲ. ಅವರಿಗೆ ನೋವಾದದ್ದು ಧರ್ಮ ಬೇರೆ ಎಂಬುದಕ್ಕಲ್ಲ, ಬಾಗಿಲು ಮುಚ್ಚಿದ್ದಕ್ಕೆ.

ಈಗ ಗಣೇಶನ ಹಬ್ಬಕ್ಕೆ ಅಜ್ಜಿ ಎಡೆಗೆ ಇಡುವ ಮೊದಲೇ ನಾಲ್ಕು ಕಡುಬು ಬೇರೆ ತೆಗೆದಿಟ್ಟು ಕಳಿಸುತ್ತಾರೆ. ಚಿಕ್ಕಮ್ಮ ತಿನ್ನುತ್ತಾರೆ. ನಾವು ಮಾತ್ರ ಯಾವುದು ಕೊಟ್ಟರೂ ತಿನ್ನುತ್ತೇವೆ. ಮನೆಯೊಳಗೆ ಈ ವಿಷಯದಲ್ಲಿ ಇನ್ನೂ ಜಗಳ ಇದೆ. ಅಣ್ಣನಿಗೆ ಈ ಏರ್ಪಾಟು ಅಷ್ಟು ಇಷ್ಟವಿಲ್ಲ, ‘ದೇವರಿಗಿಂತ ಮೊದಲು ನಿಮಗಾ?’ ಎಂದು ಗೊಣಗುತ್ತಾರೆ. ಅದೂ ನ್ಯಾಯವೇ. ಎಲ್ಲ ಸರಿಹೋಯಿತು ಎಂದು ನಾವು ಹೇಳುತ್ತಿಲ್ಲ. ಡಬ್ಬಿ ಓಡಾಡುತ್ತಿದೆ, ಅಷ್ಟು ಹೇಳಬಹುದು.

ಮುಂದಿನ ಜೂನ್ 13ಕ್ಕೂ ನಾವು ಡೋರನಹಳ್ಳಿಗೆ ಹೋಗುತ್ತೇವೆ, ಫೋಟೊ ತೆಗೆಯುತ್ತೇವೆ. ಆದರೆ ಕೊನೆಯ ಆ ಸಾಲು ಇರುವುದಿಲ್ಲ. ಯಾರು ಬಂದರು, ಯಾವ ಊರಿನಿಂದ ಬಂದರು, ಯಾವ ಹರಕೆ ಹೊತ್ತರು, ಊಟ ಯಾರು ಬಡಿಸಿದರು, ತಾವು ನಂಬುವುದು ಏನು ಎಂದು ಅವರೇ ಹೇಳಿದ್ದನ್ನು ಬರೆಯುತ್ತೇವೆ. ಒಂದೇ ಅಲ್ಲದವರು ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದಾರೆ ಎನ್ನುವುದೇ ನಮಗೆ ಕಂಡ ಸುದ್ದಿ. ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ.

ನಿಮ್ಮೂರಿನಲ್ಲಿ ಇಂಥ ಡಬ್ಬಿ ಯಾವ ಮನೆಯಿಂದ ಯಾವ ಮನೆಗೆ ಓಡಾಡುತ್ತದೆ? ನಿಂತು ಹೋಗಿದ್ದರೆ ಯಾಕೆ ನಿಂತಿತು? ನಮಗೆ ಬರೆದು ತಿಳಿಸಿ. ಅದಕ್ಕಿಂತ ಮೊದಲು, ಆಗುವುದಾದರೆ, ಆ ಮನೆಯ ಬಾಗಿಲು ಒಮ್ಮೆ ತಟ್ಟಿ ಬನ್ನಿ.